ಇಂಟರ್‌ನೆಟ್‌ನ ಕಾಣದ ಕೈಗಳು ಮತ್ತು ನಮ್ಮ ಮನೆಗಳು

ಗಣಿಗಳು ನಡೆಯುತ್ತಿದ್ದ ಕಾಲದ ಒಂದು ಸಂಗತಿಯನ್ನು ನಮ್ಮ ಊರಿಗಾಂನ ಹಿರಿಯರು ಆಗಾಗ ಹೇಳುವುದುಂಟು. ನೆಲದಾಳದಲ್ಲಿ ಬಂಡೆ ಸಿಡಿದರೆ ಮೇಲಿನ ಲೈನ್ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದವು. ಒಳಗಿರುವುದು ಗಂಡನೋ ಮಗನೋ ತಮ್ಮನೋ ಎಂದು ತಿಳಿಯದೆ ಹೆಂಗಸರು ಕೂಸುಗಳನ್ನು ಕಂಕುಳಿಗೇರಿಸಿಕೊಂಡು ಶಾಫ್ಟ್‌ನ ಬಳಿಗೆ ಓಡುತ್ತಿದ್ದರು. ಅಲ್ಲಿ ನೂರು ಬಾಯಿಗಳಲ್ಲಿ ನೂರು ಮಾತು. ಆದರೂ ಕೇಜ್ ಮೇಲಕ್ಕೆ ಬಂದು, ಒಳಗಿದ್ದು ಬಂದವನು ಕಂಡದ್ದನ್ನು ಹೇಳುವವರೆಗೆ ಯಾರೂ ಯಾರ ಮನೆಯ ಮುಂದೆಯೂ ಅಳಲು ಕೂರುತ್ತಿರಲಿಲ್ಲವಂತೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸೈರನ್ ನಿಂತಿತು. ಈಗ ನಮ್ಮ ಪ್ರತಿಯೊಬ್ಬರ ಅಂಗಿಯ ಜೇಬಿನಲ್ಲೂ ಒಂದೊಂದು ಸೈರನ್ ಇದೆ. ಅದು ದಿನಕ್ಕೆ ಐವತ್ತು ಬಾರಿ ಕೂಗುತ್ತದೆ. ಕೇಜ್ ಮೇಲೆ ಬರುವವರೆಗೆ ಕಾಯುವ ತಾಳ್ಮೆ ನಮ್ಮಲ್ಲಿ ಉಳಿದಿದೆಯೇ?

ಪ್ರಿಯ ಓದುಗರೇ, ಇಂಟರ್‌ನೆಟ್ಟನ್ನು ದುಷ್ಕರ್ಮಿಗಳು ಮತ್ತು ಭಯೋತ್ಪಾದಕರು ಹೇಗೆ ಬಳಸಿಕೊಳ್ಳುತ್ತಾರೆ ಎಂಬ ವಿಷಯ ಬಂದಾಗ, ಇದು ನಮಗೆ ಸಂಬಂಧಿಸಿದ್ದಲ್ಲ, ಪೊಲೀಸರಿಗೂ ಕಂಪ್ಯೂಟರ್ ಕಲಿತವರಿಗೂ ಸೇರಿದ ಮಾತು ಎಂದು ಪುಟ ತಿರುವಿ ಹಾಕಬೇಡಿ. ನಾನು ಕೂಡ ಹಾಗೆಯೇ ಭಾವಿಸಿದ್ದವನು. ಆದ್ದರಿಂದ ಮೊದಲು ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ.

2018ರ ಬೇಸಿಗೆ. ಶಾಲೆಗಳಿಗೆ ರಜೆ, ಮಕ್ತಬಿನಲ್ಲಿ ಮಕ್ಕಳ ಸಂಖ್ಯೆ ಹೆಚ್ಚು. ಒಂದು ಮಧ್ಯಾಹ್ನ ಸಂಬಂಧಿಕರೊಬ್ಬರಿಂದ ನನ್ನ ಫೋನಿಗೆ ಒಂದು ವಿಡಿಯೋ ಬಂತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೆಳಗೆ, ನೂರಾರು ಮಂದಿ ಮಕ್ಕಳ ಕಳ್ಳರು ನಮ್ಮ ಭಾಗಕ್ಕೆ ಬಂದಿದ್ದಾರೆ ಎಂಬ ಬರಹ. ನಾನು ಉಸ್ತಾದ್, ಪದವೀಧರ, ನಾಲ್ಕು ಜನರಿಗೆ ಬುದ್ಧಿ ಹೇಳುವವನು. ಒಂದು ಕ್ಷಣವೂ ಯೋಚಿಸದೆ ಅದನ್ನು ಮಕ್ತಬಿನ ಪೋಷಕರ ಗುಂಪಿಗೆ ಕಳುಹಿಸಿದೆ. ಒಳ್ಳೆಯ ಉದ್ದೇಶದಿಂದಲೇ ಕಳುಹಿಸಿದೆ. ಮೂರು ದಿನಗಳ ನಂತರ ನಮ್ಮ ಬೀದಿಗೆ ವರ್ಷಕ್ಕೊಮ್ಮೆ ಚಾದರ ಮಾರಲು ಬರುತ್ತಿದ್ದ ಮುದುಕರೊಬ್ಬರನ್ನು ಹುಡುಗರು ಸುತ್ತುವರಿದರು. ಗಂಟು ಬಿಚ್ಚಿಸಿದರು, ಅಂಗಿ ಹರಿದರು. ನಮಾಝಿಗೆಂದು ಹೊರಟಿದ್ದ ಹಿರಿಯರಿಬ್ಬರು ಅವರ ಗುರುತು ಹಿಡಿದು ಬಿಡಿಸದೆ ಹೋಗಿದ್ದರೆ ಏನಾಗುತ್ತಿತ್ತೋ ಅಲ್ಲಾಹನೇ ಬಲ್ಲ. ಆ ಹುಡುಗರಲ್ಲಿ ಒಬ್ಬ ನನ್ನ ವಿದ್ಯಾರ್ಥಿಯೇ. "ಹಜರತ್, ವಿಡಿಯೋ ಕಳುಹಿಸಿದ್ದು ನೀವೇ ಅಲ್ಲವೇ?" ಎಂದು ಅವನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಆ ವಿಡಿಯೋ ನಮ್ಮ ದೇಶದ್ದೇ ಅಲ್ಲ! ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಪೋಷಕರನ್ನು ಎಚ್ಚರಿಸಲು ನಟರನ್ನಿಟ್ಟು ತಯಾರಿಸಿದ ಜಾಹೀರಾತು. ಅದರ ಕೊನೆಯಲ್ಲಿ ಬೈಕಿನವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕವೊಂದನ್ನು ಎತ್ತಿ ತೋರಿಸುತ್ತಾರೆ. ಯಾವನೋ ಒಬ್ಬ ಆ ಕೊನೆಯನ್ನು ಕತ್ತರಿಸಿ ಉಳಿದದ್ದನ್ನು ಹರಿಯಬಿಟ್ಟ. ಕೆಲವೇ ಕ್ಷಣಗಳ ಕತ್ತರಿ ಕೆಲಸ. ಅದರ ಬೆಲೆ ಕೇಳಿ. ಮೇ 9ರಂದು ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಅತ್ತಿಮೂರಿನಲ್ಲಿ, ಕುಲದೇವರ ಗುಡಿಗೆ ಹೊರಟಿದ್ದ ಚೆನ್ನೈನ 65 ವರ್ಷದ ಮಹಿಳೆಯನ್ನು ಜನರು ಹೊಡೆದು ಕೊಂದರು. ಅವರು ಮಾಡಿದ್ದು ಇಷ್ಟೇ, ದಾರಿಯಲ್ಲಿ ಮಕ್ಕಳ ಕೈಗೆ ಚಾಕೊಲೇಟ್ ಕೊಟ್ಟಿದ್ದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಕಟ್ಟಿಹಾಕಿ, ಬೀದಿಯಲ್ಲಿ ಎಳೆದಾಡಿ ಸಾಯಿಸಿದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ತಂಡವೊಂದು ಹಂದಿಕೇರಾದಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿತು. ಅಲ್ಲಿ ಅನುಮಾನ ಹುಟ್ಟಿ ಅವರು ಕಾರು ಹತ್ತಿ ಹೊರಟರೆ, ಕಾರಿಗಿಂತ ಮೊದಲೇ ವಾಟ್ಸಾಪ್ ಸಂದೇಶ ಮುಂದಿನ ಊರಾದ ಮುರ್ಕಿಯನ್ನು ತಲುಪಿತ್ತು. ಜನರು ರಸ್ತೆಗೆ ಅಡ್ಡಲಾಗಿ ಮರ ಹಾಕಿ ಕಾದಿದ್ದರು. ಇಂಜಿನಿಯರ್ ಆಗಿದ್ದ ಮುಸ್ಲಿಮ್ ಯುವಕನೊಬ್ಬ ಅಲ್ಲೇ ಪ್ರಾಣ ಬಿಟ್ಟ. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಆ ಸಂದೇಶ ಹರಡಿದ ಗುಂಪಿನ ಅಡ್ಮಿನ್ ಕೂಡ ಜೈಲು ಸೇರಿದ. ಅದೇ ತಿಂಗಳಲ್ಲಿ ವಾಟ್ಸಾಪ್ ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿ ಹಾಕಿತು.

ನಾನು ಕಳುಹಿಸಿದ್ದು ಅದೇ ವಿಡಿಯೋ. ಯಾರನ್ನೂ ನಾನು ಹೊಡೆಯಲಿಲ್ಲ ಎಂದು ನನ್ನ ಮನಸ್ಸಿಗೆ ಎಷ್ಟು ಸಮಾಧಾನ ಹೇಳಿಕೊಂಡರೂ, ಆ ಕತ್ತರಿಯ ಕೈಯಿಂದ ಬಡಿಗೆಯ ಕೈಯವರೆಗಿನ ಸರಪಳಿಯಲ್ಲಿ ನನ್ನ ಬೆರಳೂ ಒಂದು ಕೊಂಡಿಯಾಗಿತ್ತು. ದುಷ್ಕರ್ಮಿಗಳ ಉಪಾಯ ಇರುವುದೇ ಇಲ್ಲಿ. ಸುಳ್ಳನ್ನು ಹೊರಲು ಅವರು ಸುಳ್ಳುಗಾರರನ್ನು ಹುಡುಕುವುದಿಲ್ಲ. ಜನರು ನಂಬುವವರನ್ನು, ಉಸ್ತಾದರನ್ನು, ಅಬ್ಬಾಜಾನರನ್ನು, ಮನೆಯ ಅಕ್ಕಂದಿರನ್ನು ಹುಡುಕುತ್ತಾರೆ.

ಇದಕ್ಕೂ ಆರು ವರ್ಷ ಹಿಂದಿನ ಇನ್ನೊಂದು ಘಟನೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಏಕೆಂದರೆ ಅದರಲ್ಲಿ ನಮ್ಮ ಸಮುದಾಯದ ಹೆಸರೇ ಬಳಕೆಯಾಗಿತ್ತು. 2012ರ ಜುಲೈಯಲ್ಲಿ ಅಸ್ಸಾಮಿನ ಕೊಕ್ರಜಾರ್ ಭಾಗದಲ್ಲಿ ಬೋಡೊ ಜನರ ಮತ್ತು ಬಂಗಾಳಿ ಮಾತನಾಡುವ ಮುಸ್ಲಿಮರ ನಡುವೆ ಗಲಭೆ ನಡೆಯಿತು. ಅದೇ ಹೊತ್ತಿಗೆ ಬರ್ಮಾದ ರೋಹಿಂಗ್ಯಾಗಳ ಮೇಲಿನ ಹಿಂಸೆಯ ಸುದ್ದಿಯೂ ಬರುತ್ತಿತ್ತು. ಅದು ರಮಝಾನ್ ತಿಂಗಳು. ಆಗ ಒಂದು ಚಿತ್ರ ಫೇಸ್‌ಬುಕ್‌ನಲ್ಲಿ ಊರೂರು ಸುತ್ತಿತು. ಸಾಲುಸಾಲಾಗಿ ಬಿದ್ದಿರುವ ಹೆಣಗಳು, ನಡುವೆ ನಿಂತಿರುವ ಕೆಂಪು ನಿಲುವಂಗಿಯ ಬೌದ್ಧ ಸನ್ಯಾಸಿಗಳು. ಬೌದ್ಧರು ಮುಸ್ಲಿಮರನ್ನು ಕೊಂದು ರಾಶಿ ಹಾಕಿದ್ದಾರೆ ಎಂಬ ಶೀರ್ಷಿಕೆ. ನೋಡಿದವರ ರಕ್ತ ಕುದಿಯದೆ ಇರುತ್ತದೆಯೇ? ಆದರೆ ಆ ಚಿತ್ರ 2010ರ ಏಪ್ರಿಲ್‌ನಲ್ಲಿ ಚೀನಾದ ಯುಶು ಎಂಬಲ್ಲಿ ಸಂಭವಿಸಿದ ಭೂಕಂಪದ್ದು. ಹೆಣಗಳು ಭೂಕಂಪದಲ್ಲಿ ಸತ್ತ ಟಿಬೆಟಿಯನ್ನರವು. ಆ ಸನ್ಯಾಸಿಗಳು ಅಂತ್ಯಸಂಸ್ಕಾರಕ್ಕೆ ನೆರವಾಗಲು ಬಂದವರು. ಸತ್ತವರನ್ನು ಗೌರವದಿಂದ ಕಳುಹಿಸಲು ಬಂದವರನ್ನೇ ಕೊಲೆಗಾರರನ್ನಾಗಿ ಮಾಡಲಾಯಿತು. ಈ ಸುಳ್ಳನ್ನು ಬಯಲಿಗೆಳೆದವರಲ್ಲಿ ಪಾಕಿಸ್ತಾನದ ಮುಸ್ಲಿಮ್ ಪತ್ರಕರ್ತರೊಬ್ಬರು ಮುಂಚೂಣಿಯಲ್ಲಿದ್ದರು. ರೋಹಿಂಗ್ಯಾಗಳ ನೋವು ಸತ್ಯ. ಅದಕ್ಕೆ ಸುಳ್ಳಿನ ಸಾಕ್ಷಿ ಬೇಕಾಗಿರಲಿಲ್ಲ. ಸುಳ್ಳು ಸಾಕ್ಷಿ ಬಂದ ಮೇಲೆ ಸತ್ಯ ಹೇಳಿದವರನ್ನೂ ಜನ ಸಂಶಯಿಸತೊಡಗಿದರು.

ಅದೇ ವೇಳೆ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳವರ ಫೋನುಗಳಿಗೆ ಬೇರೆಯೇ ಸಂದೇಶ ಬರುತ್ತಿತ್ತು: ಈದ್ ಮುಗಿಯುತ್ತಲೇ ಮುಸ್ಲಿಮರು ನಿಮ್ಮ ಮೇಲೆ ದಾಳಿ ಮಾಡಲಿದ್ದಾರೆ, ಕೂಡಲೇ ಊರು ಬಿಡಿ. ಒಂದು ಕಡೆಯವರಿಗೆ ಕೋಪದ ಸುಳ್ಳು, ಇನ್ನೊಂದು ಕಡೆಯವರಿಗೆ ಭಯದ ಸುಳ್ಳು. ಆಗಸ್ಟ್ 15ರ ಸಂಜೆಯಿಂದ ಬೆಂಗಳೂರು ರೈಲು ನಿಲ್ದಾಣ ತುಂಬಿ ತುಳುಕಿತು. ಹೋಟೆಲ್ ಹುಡುಗರು, ಕಾವಲುಗಾರರು, ನರ್ಸಿಂಗ್ ವಿದ್ಯಾರ್ಥಿನಿಯರು ಗುವಾಹಟಿಯ ರೈಲಿಗಾಗಿ ಮುಗಿಬಿದ್ದರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಮೂರು ದಿನಗಳಲ್ಲಿ ಸುಮಾರು 30 ಸಾವಿರ ಜನ ಹೊರಟುಹೋದರೆಂದು ವರದಿಯಾಯಿತು. ಮಾರಿಕುಪ್ಪಂ ರೈಲಿನಲ್ಲಿ ದಿನವೂ ಬೆಂಗಳೂರಿಗೆ ಹೋಗಿಬರುವ ನಮ್ಮವರೊಬ್ಬರು ಆ ದಿನದ ಬಗ್ಗೆ ಹೇಳುತ್ತಾರೆ: ಪ್ಲಾಟ್‌ಫಾರಂನಲ್ಲಿ ಒಬ್ಬ ಹುಡುಗಿ ಇವರ ಟೋಪಿ ನೋಡಿ ತಂಗಿಯ ಕೈ ಹಿಡಿದು ದೂರ ಸರಿದಳಂತೆ. "ಯಾರಿಗೂ ಒಂದು ಏಟು ಹೊಡೆದವನಲ್ಲ ನಾನು. ಅವತ್ತು ರೋಜಾ ಬಾಯಲ್ಲಿ ಕಳ್ಳನ ಹಾಗೆ ನಡೆದೆ" ಎನ್ನುತ್ತಾರೆ.

ನಗರದ ಮುಸ್ಲಿಮ್ ಸಂಘಟನೆಗಳ ಹಿರಿಯರು, ಕಾರ್ಯಕರ್ತರು ಉಪವಾಸದಲ್ಲಿದ್ದುಕೊಂಡೇ ನಿಲ್ದಾಣಕ್ಕೆ ಹೋಗಿ, ಹೋಗಬೇಡಿ, ನಾವು ನಿಮ್ಮೊಂದಿಗಿದ್ದೇವೆ ಎಂದು ಬೇಡಿಕೊಂಡರು. ಕೇಂದ್ರ ಸರಕಾರವು ಆಗಸ್ಟ್ 17ರಂದು ಸಾಮೂಹಿಕ ಎಸ್‌ಎಂಎಸ್‌ಗಳನ್ನು ಹದಿನೈದು ದಿನ ನಿಷೇಧಿಸಿತು. ಪ್ರಚೋದಕ ಚಿತ್ರಗಳಿದ್ದ ನೂರಾರು ಪುಟಗಳನ್ನು ತಡೆಯಿತು. ಆಗಸ್ಟ್ 20ರಂದು ಈದುಲ್ ಫಿತ್ರ್ ಬಂತು, ಹೋಯಿತು. ಹೇಳಿದ್ದ ದಾಳಿ ನಡೆಯಲೇ ಇಲ್ಲ. ಹೋದವರಲ್ಲಿ ಅನೇಕರು ಮರಳಿದರು. ಆದರೆ ಆ ಹುಡುಗಿಯ ಮನಸ್ಸಿನಲ್ಲಿ ಟೋಪಿಯ ಬಗ್ಗೆ ಉಳಿದ ಭಯವನ್ನು ಯಾವ ಸರಕಾರ ತಾನೇ ತೆಗೆದುಹಾಕೀತು?

ಈ ರೋಗಕ್ಕೆ ಮದ್ದು ನಮ್ಮ ಬಳಿ ಹದಿನಾಲ್ಕು ಶತಮಾನಗಳಿಂದ ಇದೆ. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಆರನೆಯ ಸೂಕ್ತವು, ನಂಬಲರ್ಹನಲ್ಲದವನು ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕೆಂದೂ ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತೆಂದೂ ಎಚ್ಚರಿಸುತ್ತದೆ. ಇದು ಅವತೀರ್ಣವಾದ ಸಂದರ್ಭವನ್ನು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಬನೂ ಮುಸ್ತಲಿಕ್ ಗೋತ್ರದಿಂದ ಝಕಾತ್ ಸಂಗ್ರಹಿಸಲು ಪ್ರವಾದಿವರ್ಯರು(ಸ) ವಲೀದ್ ಬಿನ್ ಉಕ್ಬಾರನ್ನು ಕಳುಹಿಸಿದ್ದರು. ಆ ಗೋತ್ರದವರು ಸ್ವಾಗತಿಸಲು ಗುಂಪಾಗಿ ಹೊರಬಂದುದನ್ನು ಕಂಡು ಅವರು ಹೆದರಿ ಅರ್ಧ ದಾರಿಯಿಂದಲೇ ಹಿಂದಿರುಗಿ, ಝಕಾತ್ ಕೊಡಲು ನಿರಾಕರಿಸಿದರು, ನನ್ನನ್ನು ಕೊಲ್ಲಲು ಬಂದರು ಎಂದುಬಿಟ್ಟರು. ಯುದ್ಧದ ಮಾತು ಬರುವಷ್ಟರಲ್ಲಿ ಸತ್ಯ ತಿಳಿಯಿತು. ಗಮನಿಸಿ, ಗುಂಪು ಬಂದದ್ದು ಸುಳ್ಳಲ್ಲ. ಏಕೆ ಬಂತು ಎಂಬುದು ಸುಳ್ಳಾಯಿತು. ಯುಶುವಿನ ಚಿತ್ರವೂ ಹಾಗೆಯೇ ಅಲ್ಲವೇ? ಹೆಣಗಳು ನಿಜ, ಸನ್ಯಾಸಿಗಳೂ ನಿಜ. ಕೆಳಗಿನ ಎರಡು ಸಾಲು ಮಾತ್ರ ಸುಳ್ಳು. ಆದ್ದರಿಂದ "ಕಣ್ಣಾರೆ ವಿಡಿಯೋ ನೋಡಿದ್ದೇನೆ" ಎಂಬುದು ಪರಿಶೀಲನೆ ಅಲ್ಲ. ಎಲ್ಲಿಯದು, ಯಾವಾಗಿನದು, ಮೊದಲು ಹಾಕಿದವರು ಯಾರು, ಹಿಂದೆ ಮುಂದೆ ಏನಿತ್ತು ಎಂದು ಕೇಳುವುದೇ ಪರಿಶೀಲನೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬರ್ಥದ ಹದೀಸನ್ನು ಮಕ್ತಬಿನಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ನಂತರ ಮನೆಗೆ ಹೋಗಿ ಫೋನ್ ತೆರೆಯುತ್ತೇವೆ!

ಇನ್ನು ಕೆಲವರು ವೇಷ ಹಾಕಿಕೊಂಡೇ ಬರುತ್ತಾರೆ. 2022ರ ಜನವರಿ 1ರಂದು ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಹರಾಜಿಗಿಟ್ಟಂತೆ ತೋರಿಸುವ ಒಂದು ನೀಚ ಆ್ಯಪ್ ಬೆಳಕಿಗೆ ಬಂತು. ಅದನ್ನು ಹರಡಿದ ಖಾತೆಗಳಲ್ಲಿ ಸಿಕ್ಖರ ಹೆಸರುಗಳಿದ್ದವು. ಹಿಡಿದು ನೋಡಿದರೆ ಆರೋಪಿಗಳು ಸಿಕ್ಖರಲ್ಲ. ಒಬ್ಬನಂತೂ ನಮ್ಮ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ. ಹೆಣ್ಣುಮಕ್ಕಳ ಮಾನವನ್ನೂ ಕಳೆಯಬೇಕು, ಎರಡು ಸಮುದಾಯಗಳನ್ನೂ ಕಚ್ಚಾಡಿಸಬೇಕು! ಆ ದಿನ ಯಾರಾದರೂ ಸಿಕ್ಖ್ ಅಂಗಡಿಯೊಂದಕ್ಕೆ ಕಲ್ಲು ಹೊಡೆದಿದ್ದರೆ ಆ ಹುಡುಗನ ಕೆಲಸ ಪೂರ್ತಿಯಾಗುತ್ತಿತ್ತು. 2023ರ ಡಿಸೆಂಬರ್ 1ರಂದು ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ತಾಯಂದಿರು ಬರಿಗಾಲಿನಲ್ಲಿ ಶಾಲೆಗೆ ಓಡಿದರು. ಹುಡುಕಿದರೆ ಬಾಂಬ್ ಇರಲಿಲ್ಲ. ಇಂತಹ ಪತ್ರಗಳಲ್ಲಿ ಧರ್ಮದ ಮಾತು ಇದ್ದ ಮಾತ್ರಕ್ಕೆ ಬರೆದವನು ಆ ಧರ್ಮದವನೇ ಆಗಬೇಕೆಂದಿಲ್ಲ, ಅಲ್ಲವೆಂದೂ ಇಲ್ಲ. ತೀರ್ಮಾನವನ್ನು ತನಿಖೆಗೆ ಬಿಡಬೇಕು.

ಈಗ ಹೇಳಲು ಕಷ್ಟವಾಗುವ ವಿಷಯಕ್ಕೆ ಬರುತ್ತೇನೆ. ಧರ್ಮದ ಹೆಸರಿನಲ್ಲಿ ನಮ್ಮ ಮಕ್ಕಳನ್ನೇ ಸೆಳೆಯುವವರಿದ್ದಾರೆ. ಅಂಥವರಿಲ್ಲ, ಎಲ್ಲವೂ ಪತ್ರಿಕೆಗಳ ಸೃಷ್ಟಿ ಎಂದು ಹೇಳುವ ಅಭ್ಯಾಸ ನಮ್ಮಲ್ಲಿದೆ. ನಿರಪರಾಧಿಗಳನ್ನು ಸಿಲುಕಿಸಿ ವರ್ಷಗಟ್ಟಲೆ ಜೈಲಿನಲ್ಲಿಟ್ಟ ಪ್ರಕರಣಗಳು ಇರುವುದರಿಂದ ಆ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆದರೂ 2014ರ ಡಿಸೆಂಬರಿನಲ್ಲಿ ಐಸಿಸ್ ಪರವಾಗಿ ಟ್ವಿಟ್ಟರಿನಲ್ಲಿ ಬರೆಯುತ್ತಿದ್ದ 'ಶಮಿ ವಿಟ್ನೆಸ್' ಎಂಬ ಖಾತೆಯ ಸಂಬಂಧ ಬೆಂಗಳೂರಿನಲ್ಲಿ ಕಂಪೆನಿಯೊಂದರ ನೌಕರನಾದ 24 ವರ್ಷದ ಯುವಕ ಬಂಧಿತನಾದದ್ದು ನಮಗೆ ನೆನಪಿದೆ. ಆ ಖಾತೆಗೆ 17 ಸಾವಿರಕ್ಕೂ ಹೆಚ್ಚು ಅನುಯಾಯಿಗಳಿದ್ದರು. ಇಲ್ಲಿ ಬಾಡಿಗೆ ಕೋಣೆ, ಅಲ್ಲಿ ಸಿರಿಯಾದ ಯುದ್ಧ. ನಡುವೆ ಒಂದು ಫೋನ್ ಮಾತ್ರ. 2016ರ ಬೇಸಿಗೆಯಲ್ಲಿ ಕಾಸರಗೋಡು ಜಿಲ್ಲೆಯ ಪಡನ್ನ, ತೃಕ್ಕರಿಪುರ ಮತ್ತು ಪಾಲಕ್ಕಾಡಿನಿಂದ 21 ಮಂದಿ ಮನೆಬಿಟ್ಟು ಅಫ್ಘಾನಿಸ್ತಾನದ ಐಸಿಸ್ ನೆಲೆಗೆ ಹೋದರು. ಓದಿದವರು, ಗರ್ಭಿಣಿಯರು, ಕೂಸುಗಳು! ಮೊದಲು ದೂರು ಕೊಟ್ಟವರು ಅವರ ತಂದೆತಾಯಿಗಳೇ. ಮುಂದೆ ಮಗ ಸತ್ತ ಸುದ್ದಿ ಕೂಡ ಕೆಲವರಿಗೆ ಟೆಲಿಗ್ರಾಂ ಸಂದೇಶವಾಗಿ ಬಂತು. ಜನಾಝಾ ಇಲ್ಲ, ಕಬರ್ ಎಲ್ಲಿದೆಯೆಂದು ತಿಳಿಯದು. ಮಗನಿಗಾಗಿ ಅಂತಹ ಸಂದೇಶ ಬಂದ ಮನೆಯಲ್ಲಿ ತಾಯಿ ಆ ಫೋನನ್ನು ಏನು ಮಾಡಿರಬಹುದು ಎಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ.

ಇಂಥವರು ಮೊದಲ ದಿನವೇ ಬಂದೂಕಿನ ಮಾತಾಡುವುದಿಲ್ಲ. ಒಬ್ಬ ಹುಡುಗ ಅನ್ಯಾಯದ ಚಿತ್ರವೊಂದರ ಕೆಳಗೆ ಅಳು ಬರುವ ಮಾತು ಬರೆಯುತ್ತಾನೆ. ಅಪರಿಚಿತನೊಬ್ಬ ಸಮಾಧಾನ ಹೇಳುತ್ತಾನೆ, ತಮ್ಮಾ ಎನ್ನುತ್ತಾನೆ. ಮನೆಯಲ್ಲಿ ಯಾರೂ ಅವನೊಂದಿಗೆ ಹತ್ತು ನಿಮಿಷ ಕುಳಿತು ಮಾತನಾಡಿಲ್ಲ, ಈ ಕಾಣದ ಅಣ್ಣ ರಾತ್ರಿ ಎರಡು ಗಂಟೆಯವರೆಗೂ ಮಾತನಾಡುತ್ತಾನೆ. ನಂತರ, ಇಲ್ಲಿ ಬೇಡ, ಬೇರೆ ಗುಂಪಿಗೆ ಬಾ ಎನ್ನುತ್ತಾನೆ. ಅಲ್ಲಿ ಮೊದಲ ಪಾಠ, ನಿಮ್ಮ ಮಸೀದಿಯ ಇಮಾಮರಿಗೆ ಏನೂ ತಿಳಿಯದು, ಅವರು ಹೆದರಿದವರು. ಎರಡನೆಯ ಪಾಠ, ತಂದೆತಾಯಿಗೆ ಹೇಳಬೇಡ. ಇಸ್ಲಾಮಿನ ಹೆಸರಿನಲ್ಲಿ ತಾಯಿಯಿಂದ ಮುಚ್ಚಿಡಲು ಹೇಳುವವನ ಬಗ್ಗೆ ಇನ್ನೇನು ಸಾಕ್ಷ್ಯ ಬೇಕು? ಜಿಹಾದಿಗೆ ಹೊರಟು ಬಂದವನನ್ನು ಪ್ರವಾದಿವರ್ಯರು(ಸ) ತಂದೆತಾಯಿಯ ಸೇವೆಗೆ ಹಿಂದಕ್ಕೆ ಕಳುಹಿಸಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. 2014ರ ಸೆಪ್ಟೆಂಬರಿನಲ್ಲಿ ಜಗತ್ತಿನ 120ಕ್ಕೂ ಹೆಚ್ಚು ವಿದ್ವಾಂಸರು ಬಗ್ದಾದಿಗೆ ಬಹಿರಂಗ ಪತ್ರ ಬರೆದು, ನಿರಪರಾಧಿಗಳ ಹತ್ಯೆ ನಿಷಿದ್ಧವೆಂದು ಒಂದೊಂದೇ ಆಧಾರ ಕೊಟ್ಟು ತೋರಿಸಿದರು. ಆ ಪತ್ರವನ್ನು ನಮ್ಮ ಎಷ್ಟು ಮಸೀದಿಗಳಲ್ಲಿ ಯುವಕರಿಗೆ ಓದಿ ಹೇಳಲಾಯಿತು? ನಮ್ಮಲ್ಲಿ ಹೇಳಲಿಲ್ಲ ಎಂದು ನಾಚಿಕೆಯಿಂದಲೇ ಬರೆಯುತ್ತೇನೆ.

ಸೆಳೆಯುವವನೇ ಬೇಕೆಂದಿಲ್ಲ, ಕೆರಳಿಸುವವನು ಸಾಕು. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನಲ್ಲಿ ಶಾಸಕರೊಬ್ಬರ ಸಂಬಂಧಿಯು ಪ್ರವಾದಿವರ್ಯರ(ಸ) ಬಗ್ಗೆ ಹಾಕಿದ ಅವಹೇಳನಕಾರಿ ಪೋಸ್ಟ್‌ನಿಂದ ಕೆರಳಿದ ಗುಂಪು ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಠಾಣೆಗಳ ಮುಂದೆ ಸೇರಿತು. ಪೋಸ್ಟ್ ಹಾಕಿದವನ ಮೇಲೆ ದೂರು ಕೊಡುವುದು ನ್ಯಾಯವೇ ಆಗಿತ್ತು. ಆದರೆ ವಾಹನಗಳು ಸುಟ್ಟವು, ಶಾಸಕರ ಮನೆ ಸುಟ್ಟಿತು, ಗೋಲಿಬಾರಿನಲ್ಲಿ ಯುವಕರು ಸತ್ತರು, ನೂರಾರು ಮಂದಿ ಬಂಧಿತರಾದರು, ಯುಎಪಿಎ ಬಿತ್ತು. ಅದೇ ರಾತ್ರಿ ಕೆಲವು ಮುಸ್ಲಿಮ್ ಹುಡುಗರು ಕೈಕೈ ಹಿಡಿದು ಹನುಮಂತನ ಗುಡಿಯ ಸುತ್ತ ನಿಂತು ಕಾದರು. ಒಂದೇ ಬೀದಿ, ಒಂದೇ ಪೋಸ್ಟ್. ಪ್ರವಾದಿವರ್ಯರ(ಸ) ಮೇಲಿನ ಪ್ರೇಮವನ್ನು ಯಾರು ತೋರಿಸಿದರು ಎಂದು ನಾನು ಹೇಳಬೇಕಾಗಿಲ್ಲ.

ಹಣದ ವಂಚನೆಯ ಬಗ್ಗೆ ಎಲ್ಲರೂ ಬರೆಯುತ್ತಿರುವುದರಿಂದ ನಮ್ಮ ಭಾಗಕ್ಕೆ ಬೇಕಾದಷ್ಟನ್ನೇ ಹೇಳುತ್ತೇನೆ. ಗಣಿ ಮುಚ್ಚಿದ ಮೇಲೆ ನಮ್ಮ ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ದುಡಿಯಲು ಹೋಗುವವರೇ. ಕಂಪ್ಯೂಟರ್ ಕೆಲಸ, ಟಿಕೆಟ್ ನಾವೇ ಕೊಡುತ್ತೇವೆ ಎಂದು ಥಾಯ್ಲೆಂಡಿಗೆ ಕರೆಸಿ, ಅಲ್ಲಿಂದ ಮ್ಯಾನ್ಮಾರ್‌ನ ಗಡಿಗೋ ಕಾಂಬೋಡಿಯಕ್ಕೋ ಸಾಗಿಸಿ, ಪಾಸ್‌ಪೋರ್ಟ್ ಕಸಿದುಕೊಂಡು, ಹೊಡೆದು ಬಡಿದು, ದಿನವಿಡೀ ಫೋನಿನಲ್ಲಿ ಜನರಿಗೆ ಮೋಸ ಮಾಡಿಸುವ ಜಾಲಗಳಿವೆ. ಈ ಎರಡು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಸಿಲುಕಿರಬಹುದೆಂದು 2023ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜಿಸಿತ್ತು. ಭಾರತೀಯರೂ ಅದರಲ್ಲಿದ್ದರು. ಅಂದರೆ ನಿಮ್ಮ ಉಳಿತಾಯ ದೋಚಲು ಕರೆ ಮಾಡುತ್ತಿರುವವನು ಯಾವುದೋ ತಾಯಿಯ ಬಂಧಿತ ಮಗನೂ ಆಗಿರಬಹುದು. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೋ ಕರೆ ಮಾಡಿ, ನಿಮ್ಮ ಆಧಾರ್ ಭಯೋತ್ಪಾದಕರ ಖಾತೆಗೆ ಬಳಕೆಯಾಗಿದೆ, ಕೋಣೆ ಬಿಟ್ಟು ಏಳಬಾರದು, 'ಡಿಜಿಟಲ್ ಅರೆಸ್ಟ್' ಆಗಿದ್ದೀರಿ ಎಂದು ಹೆದರಿಸುವುದು ಅವರ ಒಂದು ವಿಧಾನ. 2024ರ ಮೊದಲ ನಾಲ್ಕು ತಿಂಗಳಲ್ಲೇ ಈ ಒಂದು ಮೋಸಕ್ಕೆ ಭಾರತೀಯರು ಕಳೆದುಕೊಂಡದ್ದು 120 ಕೋಟಿ ರೂಪಾಯಿ. ಮುಸ್ಲಿಮ್ ಮನೆಗಳಲ್ಲಿ ಈ ಬೆದರಿಕೆ ಇನ್ನೂ ಬೇಗ ನಾಟುತ್ತದೆ. ಆ ಪದ ಕೇಳಿದೊಡನೆ ನಮಗೆ ಎದೆ ಒಡೆಯುತ್ತದೆ, ನೆರೆಯವರಿಗೂ ಹೇಳಲು ಹೆದರುತ್ತೇವೆ. ಫೋನಿನಲ್ಲಿ ಬಂಧಿಸುವ ಯಾವ ಕಾನೂನೂ ಈ ದೇಶದಲ್ಲಿಲ್ಲ. ಕರೆ ಕತ್ತರಿಸಿ ಎದ್ದುಬನ್ನಿ. ಹಣ ಹೋಗಿದ್ದರೆ 1930ಕ್ಕೆ ಆ ಕ್ಷಣವೇ ಕರೆ ಮಾಡಿ. ನಾಳೆ ನೋಡೋಣ ಎಂದರೆ ಹಣ ಹತ್ತು ಖಾತೆಗಳನ್ನು ದಾಟಿರುತ್ತದೆ. ಇನ್ನೊಂದು ಮಾತು. ಎರಡು ಸಾವಿರ ರೂಪಾಯಿಗಾಗಿ ನಿಮ್ಮ ಬ್ಯಾಂಕ್ ಖಾತೆಯನ್ನೋ ಸಿಮ್ಮನ್ನೋ ಬೇರೆಯವರಿಗೆ ಬಳಸಲು ಕೊಡಬೇಡಿ. ಪೊಲೀಸರು ಮೊದಲು ಬರುವುದು ಆ ಹೆಸರನ್ನು ಹುಡುಕಿಕೊಂಡೇ.

ಸುದ್ದಿಯ ವಿಷಯದಲ್ಲಿಯೂ ಕಾನೂನಿದೆ. ಗಲಭೆಗೆ ಕಾರಣವಾಗುವ ಸುಳ್ಳನ್ನು ಹರಡುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 353ನೆಯ ಕಲಮಿನಂತೆ ಅಪರಾಧ. ನಾನು ಬರೆದದ್ದಲ್ಲ, ಮುಂದೆ ಕಳುಹಿಸಿದ್ದು ಮಾತ್ರ ಎಂದರೆ ತಪ್ಪಿಸಿಕೊಂಡೆವೆಂದು ತಿಳಿಯಬೇಡಿ.

ಚಾದರದ ಮುದುಕರ ಘಟನೆಯ ನಂತರ ಪೋಷಕರ ಗುಂಪಿನಲ್ಲಿ ನಾನು ತಪ್ಪೊಪ್ಪಿಗೆ ಬರೆದೆ. ಮೂರು ನಾಲ್ಕು ಮಂದಿ ಬಿಟ್ಟರೆ ಯಾರೂ ಉತ್ತರಿಸಲಿಲ್ಲ. ಸುಳ್ಳಿಗೆ ಸಿಕ್ಕಿದ ಓಟ ತಿದ್ದುಪಡಿಗೆ ಸಿಗುವುದಿಲ್ಲ. ಆದ್ದರಿಂದ ಮಕ್ತಬಿನಲ್ಲಿ ಗುರುವಾರ ಅಸರ್ ನಂತರ ದೊಡ್ಡ ಮಕ್ಕಳೊಂದಿಗೆ ಒಂದು ಹೊಸ ಪಾಠ ಆರಂಭಿಸಿದೆ. ಆ ವಾರ ಅವರ ಮನೆಗೆ ಬಂದ ಒಂದು ಸಂದೇಶವನ್ನು ತರಬೇಕು. ಹೇಳಿದವನಾರು, ಅವನಿಗೆ ಹೇಳಿದವನಾರು, ಅವನು ಅಲ್ಲಿದ್ದನೇ ಎಂದು ಹಿಂದಕ್ಕೆ ಹೋಗುತ್ತೇವೆ. ಹದೀಸಿನ ಇಸ್ನಾದನ್ನು ಕಲಿಸಲು ನಾನು ಪಡುತ್ತಿದ್ದ ಕಷ್ಟ ಅರ್ಧ ಕಡಿಮೆಯಾಗಿದೆ! ಬಹುತೇಕ ಸಂದೇಶಗಳು ಎರಡನೆಯ ಹೆಜ್ಜೆಯಲ್ಲೇ ನಿಲ್ಲುತ್ತವೆ. "ಇದರ ರಾವಿ ಯಾರೂ ಇಲ್ಲ ಹಜರತ್" ಎಂದು ಮಕ್ಕಳು ನಗುತ್ತಾರೆ. ಮುದುಕರನ್ನು ಹಿಡಿದಿದ್ದ ಆ ಹುಡುಗ ಈಗ ಬಂಗಾರಪೇಟೆಯ ಅಂಗಡಿಯೊಂದರಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಚಾದರದವರು ಮರುವರ್ಷ ನಮ್ಮ ಬೀದಿಗೆ ಬರಲಿಲ್ಲ. ಅದರ ನಂತರವೂ ಬರಲಿಲ್ಲ. ಅವರ ಊರು ಯಾವುದೆಂದು ನಮ್ಮಲ್ಲಿ ಯಾರೂ ಕೇಳಿಟ್ಟುಕೊಂಡಿರಲಿಲ್ಲ.